ಅಕ್ಕನ ಮಗ ಯಾರ ಲೆಕ್ಕಕ್ಕೆ?

ಫೆಬ್ರವರಿ ಕೊನೆಗೆ ಒಂದು ಭಾನುವಾರ ರಾತ್ರಿ ಒಂಬತ್ತೂವರೆಗೆ ಅಕ್ಕನ ವಾಟ್ಸಾಪ್ ಕಾಲ್ ಬಂತು, ನ್ಯೂಜೆರ್ಸಿಯಲ್ಲಿ ಆಗ ಬೆಳಗ್ಗೆ ಹನ್ನೊಂದು. ಆ ಹೊತ್ತಿಗೆ ಅವಳು ಮಾತಾಡುದು ಅಮ್ಮನ ಹತ್ರ, ಗುಜ್ಜೆ ಆಯ್ತಾ, ಅಡಿಕೆ ಒಣಗಿತಾ, ಅಪ್ಪನ ಗಂಟುನೋವು ಹೇಗುಂಟು ಅಂತ ಒಂದು ಗಂಟೆ. ಆ ದಿನ ಮಾತ್ರ ನೇರ ನನ್ನನ್ನೇ ಕೇಳಿದ್ಳು. "ನಮ್ಮ ಟ್ಯಾಕ್ಸ್ ರಿಟರ್ನ್ ರಿಜೆಕ್ಟ್ ಆಯ್ತು ಮಾರಾಯ್ತಿ, ಮಗನ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇರೆ ರಿಟರ್ನಲ್ಲಿ ಬಂದಿದೆ ಅಂತ ತೋರಿಸ್ತಾ ಉಂಟು, ಯಾರೋ ಫ್ರಾಡ್ ಮಾಡಿದ್ದಾರೆ, ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾ?"

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಗ ಅವನ ರಿಟರ್ನ್ ಫೈಲ್ ಮಾಡಿ ಆಯ್ತಾ?"

ಆಚೆಯಿಂದ ಸ್ವಲ್ಪ ಹೊತ್ತು ಸುದ್ದಿ ಇಲ್ಲ. ಆಮೇಲೆ "ತಡಿ, ಅವನನ್ನೂ ಕಾಲಿಗೆ ಸೇರಿಸ್ತೇನೆ" ಅಂದ್ಳು. ಫ್ರಾಡ್ ಮಾಡಿದವ ಟೆಕ್ಸಾಸಲ್ಲಿ ಹತ್ತು ಗಂಟೆಗೆ ಆಗ ತಾನೇ ಎದ್ದು ಹಲ್ಲುಜ್ಜುತ್ತಾ ಇದ್ದ.

ನನ್ನ ಕೆಲಸ ಎಂತದ್ದು ಅಂತ ಹೇಳಿ ಮುಂದೆ ಹೋಗ್ತೇನೆ. ಮಂಗಳೂರಿನ ಒಂದು ಆಫೀಸಿಗೆ ಕಾಸರಗೋಡಿನ ನಮ್ಮ ನೀರ್ಚಾಲು ಕಡೆಯ ಮನೆಯಿಂದಲೇ ಕೂತು ಅಮೆರಿಕದವರ ರಿಟರ್ನ್ ತಯಾರು ಮಾಡಿ ಕೊಡುದು, ಜನವರಿಯಿಂದ ಏಪ್ರಿಲ್ 15ರ ವರೆಗೆ ನಿದ್ರೆ ಇಲ್ಲ, ಮತ್ತೆ ಸ್ವಲ್ಪ ಉಸಿರು. ಊರಲ್ಲಿ ಯಾರಿಗೂ ಇದು ಕೆಲಸ ಅಂತ ಅನ್ನಿಸುದೇ ಇಲ್ಲ, ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರು "ಈಗ ಮನೆಯಲ್ಲೇ ಇದ್ದೀಯಾ" ಅಂತ ಕೇಳುದು. ಅಕ್ಕ ಕೂಡ ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಕೇಳಿದವಳಲ್ಲ, ಭಾವ ಸಾಫ್ಟ್‌ವೇರ್ ತೆಗೊಂಡು ಅವರೇ ಮಾಡಿಕೊಳ್ತಿದ್ರು, ತಂಗಿಯ ಹತ್ರ ಸಂಬಳದ ಕಾಗದ ತೋರಿಸುದಕ್ಕೆ ಮರ್ಯಾದೆ ಅಡ್ಡ ಬರ್ತದಲ್ವಾ.

ಅಕ್ಕನ ಮಗನ ಕಥೆ ಹೀಗೆ. ಅವನಿಗೆ 22. 2025ರ ಮೇ ತಿಂಗಳಲ್ಲಿ ಡಿಗ್ರಿ ಮುಗೀತು, ಜೂನ್ ಜುಲೈ ಮನೆಯಲ್ಲಿ ಕೂತು ತಿಂದ, ಆಗಸ್ಟ್ ಎರಡನೇ ವಾರ ಟೆಕ್ಸಾಸಿಗೆ ಕೆಲಸಕ್ಕೆ ಹೋದ. ಡಿಸೆಂಬರ್ ಮುಗಿಯುವಾಗ ಡಬ್ಲ್ಯೂ-2ರಲ್ಲಿ, ಅಂದ್ರೆ ಕಂಪೆನಿ ಕೊಡುವ ವರ್ಷದ ಸಂಬಳದ ಕಾಗದದಲ್ಲಿ, 28,000 ಡಾಲರ್. ಜನವರಿ ಕೊನೆಗೆ ಅದು ಕೈಗೆ ಬಂದ ಕೂಡ್ಲೇ ಫೋನಲ್ಲೇ ಹತ್ತು ನಿಮಿಷಕ್ಕೆ ರಿಟರ್ನ್ ಹಾಕಿ ಆಯ್ತು. ಅಕ್ಕ ಯಾವಾಗಿನ ಹಾಗೆ ಅವನನ್ನು ಡಿಪೆಂಡೆಂಟ್, ಅಂದ್ರೆ ತನ್ನ ಆಶ್ರಯದಲ್ಲಿ ಇರುವವ, ಅಂತ ಸೇರಿಸಿ ಫೆಬ್ರವರಿಯಲ್ಲಿ ಹಾಕಿದ್ಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ.

"ಚಿಕ್ಕಮ್ಮ, ಸಾಫ್ಟ್‌ವೇರ್ ಕೇಳಿತು, ನಿನ್ನನ್ನು ಯಾರಾದ್ರೂ ಡಿಪೆಂಡೆಂಟ್ ಅಂತ ಕ್ಲೈಮ್ ಮಾಡ್ತಾರಾ ಅಂತ, ನಾನು ನೋ ಅಂತ ಹಾಕಿದೆ. ನಾನೇ ಬಾಡಿಗೆ ಕಟ್ಟುದು, ನಾನೇ ಅಡುಗೆ ಮಾಡುದು, ಐ ಆಮ್ ಇಂಡಿಪೆಂಡೆಂಟ್ ನೌ" ಅಂದ. ಅಕ್ಕ ಮಾತಾಡಲಿಲ್ಲ. ಅವಳ ಮೌನ ನಂಗೆ ಗೊತ್ತು, ಸಣ್ಣದಿರುವಾಗ ಅವಳ ಪೆನ್ನು ನಾನು ಕೇಳದೆ ತೆಗ್ದಾಗ ಹೀಗೇ ಇರ್ತಿದ್ಳು.

ನಾನು ಹೇಳಿದೆ, ಅದು ಕೇಳಿದ್ದು ಹಾಗಲ್ಲ ಮಗೂ, ಇನ್ನೊಮ್ಮೆ ಓದು.

ಅಲ್ಲಿಯ ರಿಟರ್ನಿನ 1040 ಫಾರ್ಮಿನಲ್ಲಿ ಇರುದು ಯಾರಾದ್ರೂ ನಿನ್ನನ್ನು ಡಿಪೆಂಡೆಂಟ್ ಅಂತ ತೋರಿಸ್ಲಿಕ್ಕೆ ಆಗ್ತದಾ ಅಂತ. ತೋರಿಸ್ತಾರಾ ಅಂತ ಅಲ್ಲ. ಈ ಒಂದು 'ಆಗ್ತದಾ'ದ ಮೇಲೆ ಪ್ರತಿ ಸೀಸನ್ ನಮ್ಮ ಆಫೀಸಲ್ಲಿ ಎಷ್ಟು ಫೈಲ್ ಹಿಂದೆ ಬರ್ತದೆ ಅಂತ ಇಲ್ಲ. ಅಪ್ಪ ಅಮ್ಮನಿಗೆ ರೂಲ್ ಪ್ರಕಾರ ತೋರಿಸುವ ಹಕ್ಕು ಇದ್ರೆ ಅವರು ತೋರಿಸ್ಲಿ ಬಿಡ್ಲಿ ಮಗ ಅಲ್ಲಿ ಹೌದು ಅಂತ ಟಿಕ್ ಹಾಕ್ಬೇಕು. ನಿನ್ನ ಕಾಲಿನ ಮೇಲೆ ನೀನು ನಿಂತಿದ್ದೀಯಾ ಅಂತ ಸರ್ಕಾರ ಕೇಳಲೇ ಇಲ್ಲ, ಆದರೆ 22 ವರ್ಷದವರಿಗೆಲ್ಲ ಅದು ಹಾಗೇ ಕೇಳಿಸುದು.

ನಂಗೆ ಈ ಶಬ್ದ ಹಿಡಿಯುವ ಚಟ ಇಲ್ಲಿಯದ್ದೇ. 1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಡೆಯ ಕನ್ನಡದವರು ಮಲಯಾಳ ಫಾರ್ಮಿನ ಮುಂದೆ ಕೂತು ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಓದಿದ್ದೇ ಓದಿದ್ದು. ಅಪ್ಪ ರೇಶನ್ ಕಾರ್ಡಿನ ಅರ್ಜಿ ತಂದು ನನ್ನ ಮುಂದೆ ಇಡ್ತಿದ್ರು, ಶಾಲೆಯಲ್ಲಿ ಕನ್ನಡ ಮೀಡಿಯಂ, ಮಲಯಾಳ ಬಸ್ಸಿನ ಬೋರ್ಡು ಓದಿ ಕಲ್ತದ್ದು. ಆಶ್ರಿತನ್ ಅಂತ ಒಂದು ಕಾಲಂ, ಅದು ಯಾರು ಅಂತ ಅಪ್ಪನಿಗೂ ನಂಗೂ ಅರ್ಧ ಗಂಟೆ ಚರ್ಚೆ. ಗೊತ್ತಿಲ್ಲದ ಭಾಷೆಯ ಫಾರ್ಮ್ ಓದುವಾಗ ಯಾವ ಶಬ್ದವನ್ನೂ ಹಾರಿಸ್ಲಿಕ್ಕೆ ಧೈರ್ಯ ಬರುದಿಲ್ಲ. ಇಂಗ್ಲಿಷ್ ತನ್ನದೇ ಅಂತ ಬೆಳೆದ ನಮ್ಮ ಅಕ್ಕನ ಮಗ ಹಾರಿಸಿದ.

ಹಾಗಾದ್ರೆ ಅಕ್ಕನಿಗೆ ಅವನನ್ನು ತೋರಿಸ್ಲಿಕ್ಕೆ ಆಗ್ತಿತ್ತಾ? ಇದು ನೋಡ್ಲೇಬೇಕಾಯ್ತು. ಬೆಳೆದ ಮಕ್ಕಳನ್ನು ಸೇರಿಸ್ಲಿಕ್ಕೆ ಅಲ್ಲಿ ಎರಡು ಬಾಗಿಲು ಉಂಟು. ಒಂದು ಕ್ವಾಲಿಫೈಯಿಂಗ್ ಚೈಲ್ಡ್, ಅದರ ಪ್ರಕಾರ ವರ್ಷದ ಕೊನೆಯ ದಿನಕ್ಕೆ ಮಗುವಿಗೆ 19 ಆಗಿರಬಾರದು, ಅಥವಾ ಫುಲ್ ಟೈಮ್ ಸ್ಟೂಡೆಂಟ್ ಆಗಿದ್ರೆ 24 ಆಗಿರಬಾರದು. ಕಾಯಂ ಆಗಿ ಪೂರ್ತಿ ಅಂಗವೈಕಲ್ಯ ಇದ್ರೆ ವಯಸ್ಸಿನ ಮಿತಿಯೇ ಇಲ್ಲ. ಅಕ್ಕನ ಮಗನಿಗೆ 22, ಆದರೆ ಮೇಯಲ್ಲೇ ಕಾಲೇಜು ಬಿಟ್ಟವ ಸ್ಟೂಡೆಂಟ್ ಹೇಗೆ ಅಂತ ಭಾವನ ಪ್ರಶ್ನೆ, ಅವರು ಹಿಂದಿನಿಂದ ಕೇಳ್ತಾ ಇದ್ರು ಅಂತ ಆಗಲೇ ಗೊತ್ತಾದದ್ದು. ವರ್ಷದಲ್ಲಿ ಐದು ತಿಂಗಳು ಸಾಕು, ಅದೂ ಪ್ರತಿ ತಿಂಗಳಿನ ಸ್ವಲ್ಪ ಭಾಗ ಆದ್ರೂ ಸಾಕು, ಒಟ್ಟೊಟ್ಟಿಗೆ ಬರ್ಬೇಕು ಅಂತಲೂ ಇಲ್ಲ. ಜನವರಿ ಫೆಬ್ರವರಿ ಮಾರ್ಚ್ ಏಪ್ರಿಲ್ ಮೇ, ಭಾವ ಬೆರಳು ಮಡಚಿ ಎಣಿಸಿದ್ದು ಕ್ಯಾಮರಾದಲ್ಲಿ ಕಾಣ್ತಿತ್ತು. ಸರಿಯಾಗಿ ಐದು. ಮೇಯಲ್ಲಿ ಪಾಸಾಗುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರುದೇ ಇಲ್ಲ, ಕೆಲಸ ಸಿಕ್ಕಿದ ವರ್ಷವೇ ಹೆಸರು ಬಿಟ್ಟು ಬಿಡ್ತಾರೆ.

ಮತ್ತೆ ಅರ್ಧ ವರ್ಷಕ್ಕಿಂತ ಹೆಚ್ಚು ಅಪ್ಪ ಅಮ್ಮನ ಒಟ್ಟಿಗೆ ಇದ್ದಿರ್ಬೇಕು. ಹಾಸ್ಟೆಲಲ್ಲಿ ಇದ್ದ ದಿನ ಮನೆಯಲ್ಲಿ ಇದ್ದ ಹಾಗೇ ಲೆಕ್ಕ, ಓದ್ಲಿಕ್ಕೆ ಹೋದದ್ದು ತಾತ್ಕಾಲಿಕ ಅಂತ. ಕೆಲಸಕ್ಕೆ ಬೇರೆ ಊರಿಗೆ ಹೋಗಿ ಮನೆ ಮಾಡಿದ್ದು ಹಾಗಲ್ಲ, ಅದು ನಿಜವಾಗಿ ಹೋದದ್ದೇ. ಆಗಸ್ಟ್ ಎರಡನೇ ವಾರದ ವರೆಗೆ ಅಂದ್ರೆ ಏಳು ತಿಂಗಳು ದಾಟಿತು, ಬಚಾವ್. ಮೇಯಲ್ಲೇ ಸೀದಾ ಟೆಕ್ಸಾಸಿಗೆ ಹೋಗಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಎರಡು ತಿಂಗಳು ಕೆಲಸ ಇಲ್ಲದೆ ಮನೆಯಲ್ಲಿ ಬಿದ್ಕೊಂಡಿದ್ದಾನೆ ಅಂತ ಅಕ್ಕ ಜುಲೈಯಲ್ಲಿ ನನ್ನ ಹತ್ರ ಅತ್ತದ್ದು ನಂಗೆ ನೆನಪಾಯ್ತು, ಹೇಳಲಿಲ್ಲ.

ಇಲ್ಲಿ ಒಂದು ತಲೆನೋವು ಹೇಳ್ಬೇಕು, ಅಮೆರಿಕದಲ್ಲಿ ಮಗು ದೊಡ್ಡದಾಗುದು ಒಂದು ದಿನ ಅಲ್ಲ. ಮಕ್ಕಳಿದ್ದದ್ದಕ್ಕೆ ಕಟ್ಟುವ ಟ್ಯಾಕ್ಸಲ್ಲೇ ಕಳೆಯುವ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, 2025ಕ್ಕೆ 2,200 ಡಾಲರ್, ಅದು 17 ಆದ ವರ್ಷಕ್ಕೆ ನಿಲ್ತದೆ. ಡಿಪೆಂಡೆಂಟ್ 19ಕ್ಕೆ, ಓದ್ತಾ ಇದ್ರೆ 24ಕ್ಕೆ. ಎಚ್-4, ಅಂದ್ರೆ ಅಲ್ಲಿ ಕೆಲಸಕ್ಕೆ ಹೋದವರ ಕುಟುಂಬದ ವೀಸಾದಲ್ಲಿ ಹೋದ ಮಕ್ಕಳಿಗೆ 21 ಆದ ದಿನ ವೀಸಾದ ಲೆಕ್ಕದಲ್ಲಿ ಅವರು ಮಗು ಅಲ್ಲ. ಅಪ್ಪನ ಹೆಲ್ತ್ ಇನ್ಶೂರೆನ್ಸಲ್ಲಿ 26ರ ವರೆಗೆ ಇರ್ಬಹುದು, ಅದಕ್ಕೆ ಟ್ಯಾಕ್ಸಿನ ಡಿಪೆಂಡೆಂಟ್ ಆಗಿರ್ಬೇಕು ಅಂತ ಇಲ್ಲವೇ ಇಲ್ಲ. ಈ ಇನ್ಶೂರೆನ್ಸಿನ 26ನ್ನು ಟ್ಯಾಕ್ಸಿಗೆ ತಂದು ಜೋಡಿಸುದೇ ಜನ ಮಾಡುವ ದೊಡ್ಡ ತಪ್ಪು, ನಮ್ಮ ಕ್ಲೈಂಟ್‌ಗಳಲ್ಲಿ ಡಾಕ್ಟ್ರುಗಳೂ ಮಾಡ್ತಾರೆ.

ಈಗ ಬಂತು ಅಸಲು ವಿಷಯ, ಸಪೋರ್ಟ್. ಆ ವರ್ಷ ಮಗನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ಹಾಕಿಕೊಂಡಿರಬಾರದು. ಅವ ಎಷ್ಟು ದುಡಿದ ಅಂತ ಅಲ್ಲ, ತನ್ನ ಮೇಲೆ ಎಷ್ಟು ಖರ್ಚು ಮಾಡಿಕೊಂಡ ಅಂತ. ಈ ಬಾಗಿಲಿಗೆ ಸಂಬಳದ ಮಿತಿಯೇ ಇಲ್ಲ, 28,000 ಬಂದ್ರೂ 80,000 ಬಂದ್ರೂ ಬ್ಯಾಂಕಲ್ಲಿ ಇಟ್ಟ ದುಡ್ಡು ಲೆಕ್ಕಕ್ಕೆ ಬರುದಿಲ್ಲ. ಸಂಬಳದಿಂದ ಕಟ್ಟಿದ ಟ್ಯಾಕ್ಸ್ ಕೂಡ ಬರುದಿಲ್ಲ. ಸ್ಕಾಲರ್‌ಶಿಪ್ ಯಾರ ಕಡೆಗೂ ಇಲ್ಲ.

ನಾನು ಅಪ್ಪನ ಅಡಿಕೆ ಲೆಕ್ಕದ ಪುಸ್ತಕ ತೆಗೊಂಡು, ಕ್ವಿಂಟಾಲ್ ಬರೆದ ಪುಟದ ಹಿಂದೆ ಗೆರೆ ಎಳೆದೆ. ಎಡಗಡೆ ಅಕ್ಕ ಭಾವ, ಬಲಗಡೆ ಮಗ.

ಅಕ್ಕ ಜನವರಿಯಲ್ಲಿ ಕಟ್ಟಿದ ಕೊನೆ ಸೆಮಿಸ್ಟರ್ ಫೀಸು, ಸ್ಕಾಲರ್‌ಶಿಪ್ ಕಳೆದು, 9,800. ಹಾಸ್ಟೆಲು, ಊಟ 6,200. ಇನ್ಶೂರೆನ್ಸು, ಫೋನು 2,900. ಮತ್ತೆ ಜೂನಿಂದ ಆಗಸ್ಟ್ ವರೆಗೆ ಮನೆಯಲ್ಲಿ ಇದ್ದದ್ದಕ್ಕೆ, ಅವ ಮಲಗಿದ ರೂಮು ಆ ಊರಲ್ಲಿ ಬಾಡಿಗೆಗೆ ಕೊಟ್ಟಿದ್ರೆ ಎಷ್ಟು ಬರ್ತಿತ್ತು ಅಂತ ನೋಡಿ, ಊಟದ ಪಾಲೂ ಸೇರಿಸಿ 2,000. ಇದಕ್ಕೆ ಅಕ್ಕ ಒಪ್ಪಲೇ ಇಲ್ಲ. "ಮಗ ಮಲಗಿದ್ದಕ್ಕೆ ಬಾಡಿಗೆ ಬರೀತಾರಾ, ಎಂತ ಕಾನೂನು ಇದು, ಅಮ್ಮ ಕೇಳಿದ್ರೆ ಎಂತ ಹೇಳಿಯಾರು" ಅಂದ್ಳು. ಅಮ್ಮ ಕೇಳ್ತಾ ಇದ್ರು, ಅಡುಗೆಮನೆ ಬಾಗಿಲಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಗುಜ್ಜೆ ಕೊರೀತಾ. ಎಂತ ಹೇಳಲಿಲ್ಲ, ನನ್ನನ್ನು ಒಮ್ಮೆ ನೋಡಿದ್ರು ಅಷ್ಟೆ. ಎಡಗಡೆ ಒಟ್ಟು 20,900.

ಬಲಗಡೆ. ಬಾಡಿಗೆ ತಿಂಗಳಿಗೆ 1,100ರ ಹಾಗೆ ಐದು ತಿಂಗಳು 5,500, ಊಟ 2,000, ಬಟ್ಟೆ, ಬಸ್ಸು, ಇತ್ಯಾದಿ 1,900. ಒಟ್ಟು 9,400. ಅಕ್ಕನ ಮುಖದಲ್ಲಿ ಕಳೆ ಬಂತು.

ಸ್ಟೂಡೆಂಟ್ ಲೋನ್ ಯಾರ ಹೆಸರಲ್ಲಿ ಅಂತ ಕೇಳಿದೆ. ಅವನ ಹೆಸರಲ್ಲೇ, ಕೊನೆ ಸೆಮಿಸ್ಟರಿಗೆ ಬಂದದ್ದು 3,750. ಅದು ಅವನೇ ಹಾಕಿದ ದುಡ್ಡು ಅಂತ ಲೆಕ್ಕ, ಸಾಲ ತೀರಿಸುವವ ಅವನಲ್ವಾ. ಅದೇ ಸಾಲ ಅಪ್ಪ ಅಮ್ಮನ ಹೆಸರಲ್ಲಿ ಇದ್ದಿದ್ರೆ ಎಡಗಡೆಗೆ ಬರ್ತಿತ್ತು. ಬಲಗಡೆ 13,150 ಆಯ್ತು. ಇನ್ನೂ ತೊಂದ್ರೆ ಇಲ್ಲ.

"ಇಷ್ಟೇನಾ, ಬೇರೆ ದೊಡ್ಡ ಖರ್ಚು ಎಂತಾದ್ರೂ ಉಂಟಾ, ಫರ್ನಿಚರ್, ಲ್ಯಾಪ್‌ಟಾಪ್?" ಅಂತ ಕೇಳಿದೆ, ಕೇಳುದು ನಮ್ಮ ಅಭ್ಯಾಸ.

"ಚಿಕ್ಕಮ್ಮ..." ಅಂತ ಅವ ನಿಲ್ಸಿದ. "ನವೆಂಬರಲ್ಲಿ ಒಂದು ಕಾರ್ ತಗೊಂಡೆ. ಸೆಕೆಂಡ್ ಹ್ಯಾಂಡ್. 6,000."

ಮೂರು ಊರಲ್ಲಿ ಮೂರು ಮೌನ. ಅಕ್ಕನಿಗೆ ಕಾರಿನ ಸುದ್ದಿಯೇ ಗೊತ್ತಿಲ್ಲ! ನವೆಂಬರಿಂದ ಫೆಬ್ರವರಿ ವರೆಗೆ ದಿನಾ ವಿಡಿಯೋ ಕಾಲ್ ಮಾಡಿದವ, ಬಸ್ಸಿಗೆ ಹೋಗ್ತೇನೆ ಅಂತಲೇ ಹೇಳಿದ್ದು. ಭಾವ ಕ್ಯಾಮರಾದಿಂದ ಮೆಲ್ಲ ಆಚೆ ಹೋದ್ರು, ಅವರಿಗೆ ಗೊತ್ತಿತ್ತು ಅಂತ ನಂಗೆ ಡೌಟು.

ಕಾರು ಅಂದ್ರೆ ಈ ಲೆಕ್ಕದಲ್ಲಿ ಸಣ್ಣ ವಿಷಯ ಅಲ್ಲ. ಮಗ ತನ್ನ ದುಡ್ಡಲ್ಲಿ ತನ್ನ ಹೆಸರಿಗೆ ತೆಗೊಂಡ ಕಾರಿನ ಪೂರ್ತಿ ಬೆಲೆ ಅವನೇ ಮಾಡಿಕೊಂಡ ಸಪೋರ್ಟ್. ಐಆರ್‌ಎಸ್‌ನ, ಅಂದ್ರೆ ಅಲ್ಲಿಯ ಟ್ಯಾಕ್ಸ್ ಇಲಾಖೆಯ, 501ನೇ ಪಬ್ಲಿಕೇಶನ್‌ನಲ್ಲಿ ಇದಕ್ಕೇ ಒಂದು ಉದಾಹರಣೆ ಉಂಟು. 17 ವರ್ಷದ ಮಗು ಸ್ವಂತ ದುಡ್ಡಲ್ಲಿ 4,500 ಡಾಲರಿನ ಕಾರು ತೆಗೊಂಡಿತು, ಅಪ್ಪ ಅಮ್ಮ ಆ ವರ್ಷ ಉಳಿದೆಲ್ಲ ಖರ್ಚಿಗೆ ಹಾಕಿದ್ದು 4,000, ಒಟ್ಟು 8,500ರಲ್ಲಿ ಅರ್ಧಕ್ಕಿಂತ ಹೆಚ್ಚು ಮಗುವಿನದ್ದೇ, ಹಾಗಾಗಿ ಕ್ವಾಲಿಫೈಯಿಂಗ್ ಚೈಲ್ಡ್ ಅಲ್ಲ. ಹದಿನೇಳು ವರ್ಷದ ಮಗು ಒಂದು ಹಳೆ ಕಾರಿನಿಂದಾಗಿ ಲೆಕ್ಕದಿಂದ ಹೊರಗೆ.

ನಮ್ಮ ಪುಸ್ತಕದಲ್ಲಿ ಬಲಗಡೆ 19,150ಕ್ಕೆ ಬಂತು. ಎರಡೂ ಸೇರಿ 40,050, ಅದರ ಅರ್ಧ 20,025. ಅಂದ್ರೆ 875 ಡಾಲರ್ ಈಚೆಗೆ ನಿಂತ. ನಾನು ಎರಡು ಸರ್ತಿ ಕೂಡಿಸಿದೆ, ಮತ್ತೆ ಅಪ್ಪನ ಕೈಗೆ ಕೊಟ್ಟು ಕೂಡಿಸ್ಲಿಕ್ಕೆ ಹೇಳಿದೆ, ಕ್ಯಾಲ್ಕುಲೇಟರಿಗಿಂತ ಅಪ್ಪನ ಬಾಯಿಲೆಕ್ಕ ನಂಗೆ ನಂಬಿಕೆ. "ಸರಿ ಉಂಟು" ಅಂದ್ರು, "ಆದ್ರೆ ಇದು ಯಾವ ತೋಟದ್ದು?"

ಅಕ್ಕ ಗೆದ್ದಳು. ಮಗ 2025ಕ್ಕೆ ಅವಳ ಡಿಪೆಂಡೆಂಟೇ, ಕಾನೂನು ಪ್ರಕಾರ, ಅವ ಎಷ್ಟು ಇಂಡಿಪೆಂಡೆಂಟ್ ಅಂದ್ರೂ. "ನೋಡಿದೆಯಾ" ಅಂತ ಮಗನಿಗೆ ಹೇಳಿದ್ಳು, ಆ ಸ್ವರದಲ್ಲಿ ಕಾರಿನ ಸಿಟ್ಟೂ ಸೇರಿತ್ತು.

ಆದರೆ ನನ್ನ ಕೆಲಸ ಅಲ್ಲಿಗೆ ಮುಗೀಲಿಲ್ಲ ಮಾರಾಯ್ರೇ, ಇದರಿಂದ ಎಷ್ಟು ಸಿಗ್ತದೆ ಅಂತ ನೋಡ್ಬೇಕಲ್ಲ. ಮೊದ್ಲೆಲ್ಲ ಒಬ್ಬೊಬ್ಬ ಡಿಪೆಂಡೆಂಟಿಗೆ ಇಷ್ಟು ಅಂತ ಆದಾಯದಿಂದಲೇ ಕಳೀಲಿಕ್ಕೆ ಇತ್ತು, 2018ರಿಂದ ಅದನ್ನು ಸೊನ್ನೆ ಮಾಡಿದ್ದಾರೆ, 2025ರ ಹೊಸ ಕಾನೂನಿನಲ್ಲಿ ಆ ಸೊನ್ನೆಯನ್ನು ಕಾಯಂ ಮಾಡಿದ್ರು. ಈಗ 17 ದಾಟಿದ ಡಿಪೆಂಡೆಂಟಿಗೆ ಸಿಗುದು 500 ಡಾಲರ್ ಕ್ರೆಡಿಟ್. ನಿಜವಾದ ದುಡ್ಡು ಇರುದು ಕಾಲೇಜಿನ ಕ್ರೆಡಿಟಲ್ಲಿ, ಅಮೆರಿಕನ್ ಆಪರ್ಚುನಿಟಿ ಅಂತ, 4,000 ಡಾಲರ್ ಫೀಸು ಕಟ್ಟಿದ್ರೆ 2,500ರ ವರೆಗೆ. ಅದು ಮಗನನ್ನು ಡಿಪೆಂಡೆಂಟ್ ಅಂತ ತೋರಿಸಿದವರಿಗೆ ಹೋಗ್ತದೆ. ಆದರೆ ಗಂಡ ಹೆಂಡ್ತಿ ಒಟ್ಟಿಗೆ ಫೈಲ್ ಮಾಡುವವರ ಆದಾಯ 1,60,000 ದಾಟಿದ್ರೆ ಅದು ಕಮ್ಮಿ ಆಗ್ತಾ ಬಂದು 1,80,000ಕ್ಕೆ ಪೂರ್ತಿ ಹೋಗ್ತದೆ. ಅಕ್ಕ ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು, ಎಷ್ಟು ಅಂತ ಬರೆದ್ರೆ ಅಕ್ಕ ಮಾತು ಬಿಡ್ತಾಳೆ, 1,80,000 ದಾಟ್ತದೆ, 500 ಕರಗ್ಲಿಕ್ಕೆ ಶುರು ಆಗುವ 4,00,000 ದಾಟುದಿಲ್ಲ, ಅಷ್ಟು ಸಾಕು. ಅಂದ್ರೆ ಅವರು ಮಗನನ್ನು ತೋರಿಸಿದ್ರೆ ಬರುದು ಬರೀ 500. ಇಷ್ಟು ವರ್ಷ ಆ 2,500 ಯಾರಿಗೂ ಸಿಗಲೇ ಇಲ್ಲ.

ಅವರು ತೋರಿಸುದೇ ಬೇಡ ಅಂತ ಬಿಟ್ರೆ? ಆಗ ಅದೇ ಕಾಲೇಜು ಕ್ರೆಡಿಟ್ ಮಗ ತೆಗೊಳ್ಳಬಹುದು, ಫೀಸು ಅಪ್ಪ ಅಮ್ಮ ಕಟ್ಟಿದ್ದಾದ್ರೂ ಮಗನೇ ಕಟ್ಟಿದ ಹಾಗೆ ಲೆಕ್ಕ. 28,000ದಲ್ಲಿ 15,750 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದ್ರೆ ಉಳಿದದ್ದು 12,250, ಅದಕ್ಕೆ ಟ್ಯಾಕ್ಸ್ ಸುಮಾರು 1,231. ಕ್ರೆಡಿಟ್ ಹಾಕಿದ್ರೆ ಅಷ್ಟೂ ಸೊನ್ನೆ, ಸಂಬಳದಿಂದ ಮೊದಲೇ ಹಿಡಿದದ್ದು ವಾಪಸ್. ಟ್ಯಾಕ್ಸಿಗಿಂತ ಹೆಚ್ಚಿಗೆ ಕೈಗೆ ಬರುದಕ್ಕೆ 24ರ ಒಳಗಿನ ಸ್ಟೂಡೆಂಟ್‌ಗಳಿಗೆ ಬೇರೆ ಕಟ್ಟುನಿಟ್ಟು ಉಂಟು, ಅದು ಈಗ ಬೇಡ. ಫೀಸು ಜನವರಿಯಲ್ಲಿ ಕಟ್ಟಿದ್ದು ಪುಣ್ಯ, ಬಿಲ್ಲು ಬಂದ ಕೂಡ್ಲೇ ಡಿಸೆಂಬರಲ್ಲೇ ಕಟ್ಟಿದ್ರೆ ಅದು ಹಿಂದಿನ ವರ್ಷದ ಲೆಕ್ಕ. ಹಾಗೆ ನೋಡಿದ್ರೆ ಮನೆಗೆ ಬರುದು 500ರ ಬದಲಿಗೆ ಕಮ್ಮಿ ಅಂದ್ರೂ 1,231. ಮತ್ತೆ ಮಗ ಆಗಲೂ ಆ 'ಆಗ್ತದಾ'ಕ್ಕೆ ಹೌದು ಅಂತಲೇ ಹಾಕ್ಬೇಕು, ತೋರಿಸ್ಲಿಕ್ಕೆ ಆಗ್ತಿತ್ತು, ತೋರಿಸಲಿಲ್ಲ ಅಷ್ಟೆ.

ಇದನ್ನು ಹೇಳಿದಾಗ ಅಕ್ಕ ಸುಮಾರು ಹೊತ್ತು ಸುಮ್ನೆ ಇದ್ಳು. "ಅಲ್ಲ, ಬಾಡಿಗೆ ಲೆಕ್ಕ ಹಾಕಿಸಿ, ಕಾರಿನ ಲೆಕ್ಕ ಹಾಕಿಸಿ, ನನ್ನ ಮಗ ನನ್ನವನೇ ಅಂತ ಸಾಧಿಸಿ ಕೊಟ್ಟು, ಈಗ ತೋರಿಸ್ಬೇಡ ಅಂತೀಯಲ್ಲ?"

ಎಂತ ಹೇಳುದು. ಕಮ್ಮಿ ಅಂದ್ರೂ 731 ಡಾಲರ್ ಹೆಚ್ಚು ಬರ್ತದೆ ಅಂದೆ. "ಇರ್ಲಿ ಬಿಡು, ಅವನಿಗೇ ಆಗ್ಲಿ" ಅಂದ್ಳು, ಆಮೇಲೆ "ಕಾರಿನ ಪೆಟ್ರೋಲಿಗೆ ಆಯ್ತು" ಅಂತಲೂ ಸೇರಿಸಿದ್ಳು. ಡಿಪೆಂಡೆಂಟ್ ಅಂತ ಹೆಸರು ಹಾಕುದು ಅಮ್ಮಂದಿರಿಗೆ ಬರೀ ದುಡ್ಡಿನ ವಿಷಯ ಅಲ್ಲ ಅಂತ ನಂಗೆ ಗೊತ್ತಿರ್ಬೇಕಿತ್ತು. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋಗಿ ಸುಮಾರು ವರ್ಷದ ವರೆಗೆ ನಮ್ಮ ರೇಶನ್ ಕಾರ್ಡಲ್ಲಿ ಅವಳ ಹೆಸರು ಹಾಗೇ ಇತ್ತು. ನಮ್ಮದು ಬಿಳಿ ಕಾರ್ಡು, ಹೆಸರು ಇದ್ರೂ ಅಂಥ ಲಾಭ ಎಂತದ್ದೂ ಇಲ್ಲ. ತೆಗೆಸ್ಬೇಕು ಅಂತ ಅಪ್ಪ ಹೇಳಿದಾಗಲೆಲ್ಲ ಅಮ್ಮ "ಈ ಸರ್ತಿ ಬಂದು ಹೋಗ್ಲಿ, ಮತ್ತೆ ನೋಡುವ" ಅಂತಿದ್ರು.

ರಿಪೇರಿ ಕಷ್ಟ ಇಲ್ಲ. ಮಗ 1040-ಎಕ್ಸ್ ಅಂತ ತಿದ್ದುಪಡಿ ರಿಟರ್ನ್ ಹಾಕಿ, ಟಿಕ್ ಸರಿ ಮಾಡಿ, ಫೀಸಿನ ವಿವರ ಇರುವ ಕಾಲೇಜಿನ 1098-ಟಿ ಕಾಗದ ಹಿಡ್ಕೊಂಡು ಕ್ರೆಡಿಟ್ ಕೇಳ್ಬೇಕು, ಅದು ಅಕ್ಕನ ಇಮೇಲಿಗೆ ಬಂದು ಅಲ್ಲೇ ಕೂತಿತ್ತು. ಅಕ್ಕ ಅವನ ಹೆಸರು ತೆಗ್ದು ತನ್ನದನ್ನು ಪುನಃ ಕಳಿಸಿದ್ರೆ ಆಯ್ತು. ತೋರಿಸುದೇ ಲಾಭ ಇರುವವರಿಗೆ, ಮಗ ಮೊದಲೇ ತಪ್ಪಾಗಿ ಹಾಕಿಬಿಟ್ಟಿದ್ರೆ, ಹಿಂದೆಲ್ಲ ಪೇಪರಲ್ಲಿ ಪ್ರಿಂಟ್ ತೆಗ್ದು ಪೋಸ್ಟಲ್ಲಿ ಕಳಿಸುದೊಂದೇ ದಾರಿ. 2025ರ ಸೀಸನಿಂದ ಅಪ್ಪ ಅಮ್ಮನಲ್ಲಿ ರಿಟರ್ನಲ್ಲಿ ಮೊದಲು ಹೆಸರಿರುವವರು ಐಆರ್‌ಎಸ್‌ನಿಂದ ಐಪಿ ಪಿನ್ ಅಂತ ಆರು ಅಂಕೆಯ ಗುರುತಿನ ನಂಬರ್ ತೆಗೊಂಡು ಹಾಕಿದ್ರೆ ಆನ್‌ಲೈನಲ್ಲೇ ತೆಗೊಳ್ತದೆ. ಇಬ್ಬರದ್ದೂ ಹಾಗೇ ಬಿಟ್ರೆ ಮುಂದೆ ಇಬ್ಬರಿಗೂ ಕಾಗದ ಬರ್ತದೆ.

ಇನ್ನೊಂದು ಬಾಗಿಲು ಹೇಳಿದೆನಲ್ಲ, ಕ್ವಾಲಿಫೈಯಿಂಗ್ ರಿಲೇಟಿವ್. 24 ದಾಟಿದ, ಓದು ಬಿಟ್ಟ ಮಕ್ಕಳಿಗೆ ಇದೊಂದೇ. ವಯಸ್ಸು ನೋಡುದಿಲ್ಲ, ಮಗ ಮಗಳು ಆದ ಕಾರಣ ಒಂದೇ ಮನೆಯಲ್ಲಿ ಇರ್ಬೇಕು ಅಂತಲೂ ಇಲ್ಲ, ಆದರೆ ಇಲ್ಲಿ ಆದಾಯಕ್ಕೆ ಮಿತಿ ಉಂಟು, 2025ಕ್ಕೆ 5,200 ಡಾಲರಿಗಿಂತ ಕಮ್ಮಿ ಇರ್ಬೇಕು, ಮತ್ತೆ ಅರ್ಧಕ್ಕಿಂತ ಹೆಚ್ಚು ಖರ್ಚು ಅಪ್ಪ ಅಮ್ಮನೇ ಹಾಕಿರ್ಬೇಕು. ಮೊದಲ ಬಾಗಿಲಲ್ಲಿ ಮಗ ಹಾಕಿರಬಾರದು ಅಂತ ಮಾತ್ರ, ಅಜ್ಜ ಹಾಕಿದ್ರೂ ನಡೀತದೆ. ಇಲ್ಲಿ ಹಾಗಲ್ಲ. ಕೆಲಸ ಹೋಗಿ ಮನೆಗೆ ಬಂದು ಕೂತ 25ರ ಮಗ ವರ್ಷಪೂರ್ತಿ ಏನೂ ದುಡಿಯದಿದ್ರೆ ಬರ್ಬಹುದು. ಪಿಎಚ್‌ಡಿ ಮಾಡುವ 26ರ ಮಗಳು ಬರುದಿಲ್ಲ, ಅವಳ ಸ್ಟೈಪೆಂಡ್ ಟ್ಯಾಕ್ಸ್ ಬೀಳುವ ಆದಾಯ, 5,200 ಎಲ್ಲಿಗೆ ಸಾಕು. ಮದುವೆಯಾಗಿ ಗಂಡನ ಒಟ್ಟಿಗೆ ಜಾಯಿಂಟ್ ರಿಟರ್ನ್ ಹಾಕಿದ ಮಗಳು ಎರಡೂ ಬಾಗಿಲಿಂದ ಹೊರಗೆ, ಹಿಡಿದ ಟ್ಯಾಕ್ಸ್ ವಾಪಸ್ ತೆಗೊಳ್ಳಲಿಕ್ಕೆ ಮಾತ್ರ ಹಾಕಿದ್ದಾದ್ರೆ ಬೇರೆ ಮಾತು.

ಈ ಸುದ್ದಿ ಮರುದಿನ ಅಮ್ಮನ ಬಾಯಿಂದ ಆಚೆ ಮನೆಗೆ ಹೋಗಿ, ಸಂಜೆಗೆ ಆಚೆ ಮನೆ ಮಾವ ಬಂದ್ರು. ಅವರ ಮಗ ಎಂಎಸ್ ಮಾಡ್ಲಿಕ್ಕೆ ಹೋಗಿದ್ದಾನೆ, ಸಾಲ ಮಾಡಿ ಕಳಿಸಿದ್ದು, "ನಂಗೂ ಅವನನ್ನು ತೋರಿಸಿ ಟ್ಯಾಕ್ಸ್ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?" ಇಲ್ಲ ಮಾವ, ನಮ್ಮ ದೇಶದಲ್ಲಿ ಆ ಪೆಟ್ಟಿಗೆಯೇ ಇಲ್ಲ. 18 ಆದ ಮಗನ ಆದಾಯ ಅವನದ್ದು, ಅಪ್ರಾಪ್ತ ಮಕ್ಕಳದ್ದಾದ್ರೆ ಅಪ್ಪ ಅಮ್ಮನಲ್ಲಿ ಯಾರಿಗೆ ಹೆಚ್ಚು ಆದಾಯವೋ ಅವರದ್ದಕ್ಕೆ ಸೇರಿಸುದು. ಹಳೆ ಪದ್ಧತಿಯಲ್ಲಿ ಇದ್ರೆ ಸಾಲ ನಿಮ್ಮ ಹೆಸರಲ್ಲಿ ಇರುವಷ್ಟಕ್ಕೆ ಅದರ ಬಡ್ಡಿಯನ್ನು ಎಂಟು ವರ್ಷ ಕಳೀಬಹುದು, ಅಂಗವೈಕಲ್ಯ ಇರುವ ಅವಲಂಬಿತರಿದ್ರೆ 75,000, ತೀವ್ರ ಇದ್ರೆ 1,25,000 ರೂಪಾಯಿ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. "ಹಾಗಾದ್ರೆ ಅಲ್ಲಿ ಇರುವ ನನ್ನ ತಮ್ಮ ಅವನನ್ನು ತೋರಿಸ್ಲಿ" ಅಂದ್ರು. ಅದೂ ಆಗುದಿಲ್ಲ, ಡಿಪೆಂಡೆಂಟ್ ಆಗುವವರು ಅಮೆರಿಕದ ಸಿಟಿಜನ್ ಅಥವಾ ಟ್ಯಾಕ್ಸಿನ ಲೆಕ್ಕದಲ್ಲಿ ರೆಸಿಡೆಂಟ್ ಆಗಿರ್ಬೇಕು, ಇಲ್ಲದಿದ್ರೆ ಕೆನಡಾ ಮೆಕ್ಸಿಕೋದ ರೆಸಿಡೆಂಟ್. ಎಫ್-1, ಅಂದ್ರೆ ಓದ್ಲಿಕ್ಕೆ ಹೋಗುವ ವೀಸಾದ ಹುಡುಗರು ಸಾಮಾನ್ಯವಾಗಿ ಮೊದಲ ಐದು ವರ್ಷ ನಾನ್ ರೆಸಿಡೆಂಟ್. ಕೆನಡಾ ಮೆಕ್ಸಿಕೋಕ್ಕೆ ಇರುವ ಭಾಗ್ಯ ಬದಿಯಡ್ಕಕ್ಕೆ ಇಲ್ಲ.

ಅದೇ ರೂಲಿಗೆ ನಮ್ಮ ಅಪ್ಪ ಅಮ್ಮನೂ ಬೀಳುದು. ಅಕ್ಕ ತಿಂಗಳು ತಿಂಗಳು ದುಡ್ಡು ಕಳಿಸ್ತಾಳೆ, ಮದ್ದಿಗೆ, ತೋಟದ ಕೆಲಸದವರಿಗೆ, ಅವಳೇ ನಡೆಸುದು ಅಂತ ಹೇಳ್ಬಹುದು, ಆದರೂ ಇಲ್ಲಿ ಇರುವ ವರೆಗೆ ಅವರು ಅಲ್ಲಿನ ಫಾರ್ಮಿಗೆ ಬರುದಿಲ್ಲ. ಇದನ್ನು ಹೇಳುವಾಗ ಅಪ್ಪ "ಒಳ್ಳೇದಾಯ್ತು" ಅಂದ್ರು, ಯಾವ ಅರ್ಥದಲ್ಲಿ ಅಂತ ಕೇಳಲಿಲ್ಲ.

ಮಾರ್ಚ್ ಎರಡನೇ ವಾರ ಅಕ್ಕನ ರಿಟರ್ನ್ ಅಕ್ಸೆಪ್ಟ್ ಆಯ್ತು, ಮಗ ತಿದ್ದುಪಡಿ ಹಾಕಿದ. ಫ್ಯಾಮಿಲಿ ಗ್ರೂಪಲ್ಲಿ ಕೇಳಿದ, "ಚಿಕ್ಕಮ್ಮ, ನೆಕ್ಸ್ಟ್ ಇಯರ್ ಆ ಬಾಕ್ಸಿಗೆ ನೋ ಅಂತ ಹಾಕ್ಬಹುದಲ್ವಾ?" ಹಾಕ್ಬಹುದು, ಓದು ಇಲ್ಲ, ಸಂಬಳ ಉಂಟು, ಯಾವ ಬಾಗಿಲೂ ಇಲ್ಲ ಅಂತ ಬರೆದೆ. ಅಕ್ಕ ಓದಿದ್ದು ಕಾಣ್ತಿತ್ತು, ನೀಲಿ ಗೀಟು ಬಂದಿತ್ತು. ಸ್ವಲ್ಪ ಹೊತ್ತು ಬಿಟ್ಟು "ಇನ್ಶೂರೆನ್ಸ್ ಅಪ್ಪನದ್ದರಲ್ಲೇ ಇರ್ಲಿ, 26ರ ವರೆಗೆ ಉಂಟಲ್ಲ" ಅಂತ ಹಾಕಿದ್ಳು.

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಬೇಕಾದದ್ದು ಅದಲ್ಲ. "ಅದೆಲ್ಲ ಇರ್ಲಿ, ಅವ ಕಾರು ತೆಗೊಂಡು ನಾಲ್ಕು ತಿಂಗಳಾಯ್ತು, ಪೂಜೆ ಮಾಡಿಸಿದ್ದಾನಾ ಕೇಳು" ಅಂದ್ರು.